ಏಳನೇ ತರಗತಿಗೆ ಬಂದ ಮೇಲೆ ಗಣಿತದ ಅಂಕ ಯಾಕೆ ಇಳಿಯಿತು?

ಪ್ರಶ್ನೆ: ನಾನು ಗದಗ–ಬೆಟಗೇರಿಯವಳು. ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಮಗಳು ಐದನೇ ಇಯತ್ತೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದಳು. ಗಣಿತದಲ್ಲಿ ಯಾವಾಗಲೂ ಮುಂದೆ ಇದ್ದಳು. ಆರಕ್ಕೆ ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದೆವು. ಈಗ ಏಳನೇದು. ಕಳೆದ ಪರೀಕ್ಷೆಯಲ್ಲಿ 20ಕ್ಕೆ 9 ಬಂತು. "ನನಗೆ ಗಣಿತ ತಲೆಗೆ ಹತ್ತೋದಿಲ್ಲ" ಅಂತ ಅಳುತ್ತಾಳೆ. ನನಗೂ ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಕಷ್ಟವೇ ಆಗಿತ್ತು, ಹೇಳಿಕೊಡೋಕೆ ಬರೋದಿಲ್ಲ. 30ರವರೆಗೆ ಮಗ್ಗಿ ಬಾಯಿಪಾಠ ಮಾಡಿಸಿ ಅಂತ ಒಬ್ಬರು ಹೇಳಿದರು. ಟ್ಯೂಷನ್ ಹಾಕಿ ಅಂತ ಮನೆಯವರು ಹೇಳುತ್ತಾರೆ. ಏನು ಮಾಡಲಿ?

ಉತ್ತರ: ನಮಸ್ಕಾರ ರೀ. ನಿಮ್ಮ ಮಗಳು ಒಂದೇ ವರ್ಷದಲ್ಲಿ ದಡ್ಡಿಯೂ ಆಗಿಲ್ಲ, ಸೋಮಾರಿಯೂ ಆಗಿಲ್ಲ. ಅಂಕ ಇಳಿದದ್ದು ಏಳನೇ ತರಗತಿಯಲ್ಲಿ. ಆದರೆ ಲೆಕ್ಕ ಸಿಕ್ಕಿಕೊಂಡದ್ದು ಎಲ್ಲೋ ಹಿಂದೆ, ನಾಲ್ಕರಲ್ಲೋ ಐದರಲ್ಲೋ ಆರರಲ್ಲೋ. ಅದು ಎಲ್ಲಿ ಅಂತ ಹುಡುಕುವುದೇ ಈಗ ಆಗಬೇಕಾದ ಕೆಲಸ. ಹುಡುಕೋಕೆ ನಿಮಗೆ ಗಣಿತ ಬರಲೇಬೇಕು ಅಂತಿಲ್ಲ. ಮಗಳ ಪಕ್ಕ ಕೂತು, ಅವಳು ಹೇಗೆ ಯೋಚಿಸುತ್ತಾಳೆ ಅಂತ ಕೇಳುವ ತಾಳ್ಮೆ ಇದ್ದರೆ ಸಾಕು.

ಐದನೇ ತರಗತಿಯವರೆಗೆ ಗಣಿತ ಅಂದರೆ ಹೆಚ್ಚಾಗಿ ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು. ಮಗ್ಗಿ ಬಾಯಿಗೆ ಬಂದು ಕೈ ಚುರುಕಾಗಿದ್ದರೆ ಅಂಕ ಬರುತ್ತದೆ. ಆರರಿಂದ ಎಂಟರವರೆಗೆ ಪೂರ್ಣಾಂಕ, ಭಿನ್ನರಾಶಿ, ದಶಮಾಂಶ, ಅನುಪಾತ, ಶೇಕಡಾ, ಸರಳ ಸಮೀಕರಣ ಅಂತ ಒಂದರ ಹಿಂದೆ ಒಂದು ಬರುತ್ತವೆ. ಇಲ್ಲಿ ಕೈ ಚುರುಕಾಗಿದ್ದರೆ ಸಾಲದು. ಎರಡು ಸಂಖ್ಯೆಗಳ ನಡುವೆ ಏನು ಸಂಬಂಧ ಇದೆ ಅಂತ ಕಾಣಬೇಕು. ಚಿಕ್ಕ ತರಗತಿಯಲ್ಲಿ ಬರೀ ನಿಯಮ ನೆನಪಿಟ್ಟು 95 ತೆಗೆದ ಮಗು ಇಲ್ಲಿ ಎಡವುತ್ತದೆ. ಮೊದಲಿನ ಅಂಕ ಸುಳ್ಳಲ್ಲ. ಆದರೆ ಆ ಪರೀಕ್ಷೆ ಕೇಳಿದ್ದೇ ಬೇರೆ.

ಇವತ್ತು ಸಂಜೆ ಒಂದು ಹಾಳೆಯಲ್ಲಿ ಇಷ್ಟು ಬರೆದು ಮಗಳಿಗೆ ಕೊಡಿ: 8 + 4 = __ + 5. ಖಾಲಿ ಜಾಗದಲ್ಲಿ ಏನು ಬರಬೇಕು?

ತುಂಬಾ ಮಕ್ಕಳು 12 ಅಂತ ಬರೆಯುತ್ತಾರೆ. ಕೆಲವರು 12 ಬರೆದು, ಅದಕ್ಕೆ 5 ಕೂಡಿಸಿ ಕೊನೆಗೆ 17 ಅಂತಲೂ ಸೇರಿಸುತ್ತಾರೆ. ಸರಿ ಉತ್ತರ 7. ಯಾಕೆಂದರೆ ಎಡಗಡೆ 12, ಬಲಗಡೆಯೂ 12 ಆಗಬೇಕು. ಮಗು 12 ಬರೆದರೆ ಅದು ಸಮ ಚಿಹ್ನೆಯನ್ನು "ಈಗ ಉತ್ತರ ಬರಿ" ಅಂತ ಓದುತ್ತಿದೆ ಅಂತ ಅರ್ಥ. ಚಿಕ್ಕ ತರಗತಿಯ ಲೆಕ್ಕಗಳಲ್ಲಿ ಆ ಓದು ನಡೆಯುತ್ತದೆ, ಯಾರೂ ತಪ್ಪು ಅನ್ನುವುದಿಲ್ಲ. ಏಳನೇ ತರಗತಿಯ ಸಮೀಕರಣದಲ್ಲಿ ನಡೆಯುವುದಿಲ್ಲ. 3ಎಕ್ಸ್ + 5 = 20 ಅನ್ನುವುದು ಎರಡು ತಟ್ಟೆ ಸಮನಾಗಿ ನಿಂತ ತಕ್ಕಡಿ. ಈ ತಟ್ಟೆಯಿಂದ 5 ತೆಗೆದರೆ ಆ ತಟ್ಟೆಯಿಂದಲೂ 5 ತೆಗೆಯಬೇಕು. ಆಗ 3ಎಕ್ಸ್ = 15, ಎಕ್ಸ್ = 5. ಇದು ಕಾಣದ ಮಗು "ಆ ಕಡೆ ಹೋದರೆ ಪ್ಲಸ್ ಮೈನಸ್ ಆಗುತ್ತೆ" ಅನ್ನುವ ಮಂತ್ರ ಹಿಡಿದುಕೊಳ್ಳುತ್ತದೆ. ಪರೀಕ್ಷೆಯಲ್ಲಿ ಗಾಬರಿ ಆದಾಗ ಮಂತ್ರ ಮರೆತುಹೋಗುತ್ತದೆ.

ನೋಟ್‌ಬುಕ್ಕಿನಲ್ಲೂ ಇದರ ಗುರುತು ಸಿಗುತ್ತದೆ. "12 + 5 = 17 × 2 = 34" ಅಂತ ಒಂದೇ ಸಾಲಿನಲ್ಲಿ ಎಳೆದುಕೊಂಡು ಹೋಗಿದ್ದಾಳಾ ನೋಡಿ. ಉತ್ತರ 34 ಸರಿ ಇರಬಹುದು. ಆದರೆ 12 + 5 ಮತ್ತು 34 ಸಮ ಅಲ್ಲ. ಇದಕ್ಕೆ ಟಿಕ್ ಹಾಕಿ ಬಿಟ್ಟುಬಿಡುವುದು ಸರಿಯಲ್ಲ.

ಇನ್ನು ಭಿನ್ನರಾಶಿ. ಆರರಿಂದ ಹತ್ತರವರೆಗೆ ತುಂಬಾ ಮಕ್ಕಳನ್ನು ಬೀಳಿಸುವುದು ಇದು. ಅನುಪಾತ, ಶೇಕಡಾ, ಬೀಜಗಣಿತ, ಮುಂದೆ ವಿಜ್ಞಾನದ ಲೆಕ್ಕ, ಎಲ್ಲವೂ ಇದರ ಮೇಲೆ ನಿಂತಿವೆ. ಮಗಳಿಗೆ 1/2 + 1/3 ಎಷ್ಟು ಅಂತ ಕೇಳಿ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿ 2/5 ಅಂದರೆ ತಕ್ಷಣ ತಪ್ಪು ಅನ್ನಬೇಡಿ. "ಅರ್ಧ ರೊಟ್ಟಿ ತಿಂದೆ, ಆಮೇಲೆ ಇನ್ನೂ ಸ್ವಲ್ಪ ತಿಂದೆ. ಒಟ್ಟು ತಿಂದದ್ದು ಅರ್ಧಕ್ಕಿಂತ ಜಾಸ್ತಿನಾ ಕಡಿಮೆನಾ?" ಅಂತ ಕೇಳಿ. 2/5 ಅರ್ಧಕ್ಕಿಂತ ಕಡಿಮೆ. ಅದು ಅವಳಿಗೇ ಹೊಳೆಯಬೇಕು. ಹೊಳೆದ ಮೇಲೆ ಛೇದ ಯಾಕೆ ಒಂದೇ ಮಾಡಿಕೊಳ್ಳಬೇಕು ಅನ್ನುವ ಪ್ರಶ್ನೆ ಅವಳಿಂದಲೇ ಬರುತ್ತದೆ. ಆರನೇ ಒಂದರ ಲೆಕ್ಕದಲ್ಲಿ ಅರ್ಧ ಅಂದರೆ ಮೂರು ತುಂಡು, ಮೂರನೇ ಒಂದು ಅಂದರೆ ಎರಡು ತುಂಡು. ಒಟ್ಟು 5/6.

ನಿಮಗೆ ಹೇಳಿಕೊಡೋಕೆ ಬರೋದಿಲ್ಲ ಅಂದಿರಿ. ನಾನು ಒಪ್ಪುವುದಿಲ್ಲ. ನಿಮ್ಮ ಕೊರಳಲ್ಲಿ ನೇತಾಡುವ ಅಳತೆ ಟೇಪು ಭಿನ್ನರಾಶಿ ಕಲಿಸೋಕೆ ತುಂಬಾ ಒಳ್ಳೆಯ ಸಾಧನ. ಇಂಚಿನ ಕಡೆ ಅರ್ಧ, ಕಾಲು, ಅರೆಕಾಲು ಗೆರೆಗಳಿವೆ. ಸೆಂಟಿಮೀಟರ್ ಕಡೆ ಒಂದೊಂದು ಸೆಂಟಿಮೀಟರಿಗೂ ಹತ್ತು ಭಾಗ. ಅಂದರೆ ಒಂದು ಮೈ ಭಿನ್ನರಾಶಿ, ಇನ್ನೊಂದು ಮೈ ದಶಮಾಂಶ. 14½ ಇಂಚಿಗೆ ¾ ಇಂಚು ಸೇರಿಸಿದರೆ ಎಲ್ಲಿಗೆ ಬರುತ್ತದೆ ಅಂತ ನೀವು ಟೇಪಿನ ಮೇಲೆ ಬೆರಳಿಟ್ಟು ಹೇಳಬಲ್ಲಿರಿ. 15¼. ಮಗಳು ಮೊದಲು ಟೇಪಿನಲ್ಲಿ ನೋಡಲಿ, ಆಮೇಲೆ ಹಾಳೆಯಲ್ಲಿ ಮಾಡಲಿ. ಎರಡೂ ಒಂದೇ ಬಂದಾಗ ಅವಳಿಗೆ ನಂಬಿಕೆ ಹುಟ್ಟುತ್ತದೆ.

ಭಾಗಾಕಾರವೂ ಹಾಗೇ. "ಭಾಗಿಸಿದರೆ ಉತ್ತರ ಚಿಕ್ಕದಾಗುತ್ತದೆ" ಅನ್ನುವುದು ಮಕ್ಕಳ ತಲೆಯಲ್ಲಿ ಗಟ್ಟಿಯಾಗಿ ಕೂತಿರುತ್ತದೆ. 6 ÷ 3/4 ಅಂದಾಗ ಗಾಬರಿ ಆಗುತ್ತಾರೆ, "ತಿರುಗಿಸಿ ಗುಣಿಸು" ಅಂತ ಏನೋ ಬರೆಯುತ್ತಾರೆ. ಆರು ಮೀಟರ್ ಬಟ್ಟೆ ಮುಂದೆ ಇಡಿ. ಒಂದೊಂದು ತುಂಡು ಮುಕ್ಕಾಲು ಮೀಟರ್ ಆದರೆ ಎಷ್ಟು ತುಂಡು ಬರುತ್ತವೆ ಅಂತ ಅಳೆಯಲಿ. ಎಂಟು. ತುಂಡು ಒಂದು ಮೀಟರಿಗಿಂತ ಚಿಕ್ಕದು, ಅದಕ್ಕೇ ಆರಕ್ಕಿಂತ ಜಾಸ್ತಿ ಬಂತು.

ದಶಮಾಂಶದಲ್ಲಿ ಒಂದು ಪ್ರಶ್ನೆ ಸಾಕು: 0.5 ದೊಡ್ಡದೋ 0.35 ದೊಡ್ಡದೋ? 35 ದೊಡ್ಡದು ಅಂತ 0.35 ಆರಿಸುವ ಮಕ್ಕಳು ಪ್ರತಿ ತರಗತಿಯಲ್ಲೂ ಸಿಗುತ್ತಾರೆ. ನಮ್ಮ ಕಡೆಯ ಮಕ್ಕಳಿಗೆ ಇಲ್ಲಿ ಇನ್ನೊಂದು ತೊಡಕಿದೆ. ಹೊಲದ ಉತಾರದಲ್ಲಿ (ಪಹಣಿಯಲ್ಲಿ) 2.20 ಅಂತ ಕಂಡರೆ ಅದು ಎರಡು ಎಕರೆ ಇಪ್ಪತ್ತು ಗುಂಟೆ. ಎಕರೆಗೆ 40 ಗುಂಟೆ. ಹಾಗಾಗಿ ಅದು ಎರಡೂವರೆ ಎಕರೆ, ದಶಮಾಂಶದಲ್ಲಿ ಬರೆದರೆ 2.5. ಕ್ರಿಕೆಟ್‌ನಲ್ಲಿ 15.4 ಓವರ್ ಆದ ಮೇಲೆ ಎರಡು ಬಾಲ್ ಹಾಕಿದರೆ 15.6 ಅನ್ನೋದಿಲ್ಲ, 16 ಓವರ್ ಅನ್ನುತ್ತೇವೆ. ಚುಕ್ಕಿ ಒಂದೇ, ಲೆಕ್ಕ ಬೇರೆ ಬೇರೆ. ಗಣಿತ ಪುಸ್ತಕದ ಚುಕ್ಕಿಯ ಬಲಗಡೆ ಮಾತ್ರ ಹತ್ತನೇ ಒಂದು, ನೂರನೇ ಒಂದು ಅಂತ ಹೋಗುತ್ತದೆ. ಮನೆಯಲ್ಲಿ ಉತಾರ ಇದ್ದರೆ ತೆಗೆದು ತೋರಿಸಿ. ಇದನ್ನು ಒಮ್ಮೆ ಬಿಡಿಸಿ ಹೇಳಿದರೆ ಮಕ್ಕಳ ಮುಖ ಅರಳುವುದನ್ನು ನಾನು ನೋಡಿದ್ದೇನೆ.

ಮೈನಸ್ ಸಂಖ್ಯೆಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. −3 − 5 ಎಷ್ಟು ಅಂತ ಕೇಳಿ. "ಮೈನಸ್ ಮೈನಸ್ ಪ್ಲಸ್" ಅಂತ ಹೇಳಿ 8 ಅಂದರೆ, ಗುಣಾಕಾರದ ನಿಯಮವನ್ನು ಇಲ್ಲಿಗೆ ತಂದಿದ್ದಾಳೆ. ಮೂರು ರೂಪಾಯಿ ಸಾಲ ಇದೆ, ಮತ್ತೆ ಐದು ರೂಪಾಯಿ ಸಾಲ ಆಯ್ತು, ಒಟ್ಟು ಎಂಟು ರೂಪಾಯಿ ಸಾಲ. ಅಂದರೆ −8. ಎರಡು ಮೈನಸ್ ಸಂಖ್ಯೆಗಳನ್ನು ಗುಣಿಸುವಾಗ ಆ ಮಾತು ಸರಿ. ಅದು ಯಾಕೆ ಅಂತಲೂ ತೋರಿಸಬಹುದು. 3 × (−2) = −6, 2 × (−2) = −4, 1 × (−2) = −2, 0 × (−2) = 0. ಪ್ರತಿ ಸಾಲಿಗೆ ಉತ್ತರ ಎರಡೆರಡು ಏರುತ್ತಿದೆ. ಹಾಗಾದರೆ ಮುಂದಿನದು, (−1) × (−2), 2 ಆಗಲೇಬೇಕು.

ಎಕ್ಸ್, ವೈ ಬಂದ ಮೇಲೆ ನಿಮಗೂ ಕಷ್ಟ ಆಗಿರಬೇಕು, ಅಲ್ವಾ? ಬೀಜಗಣಿತ ಶುರು ಮಾಡುವಾಗ "3ಎ ಅಂದರೆ ಮೂರು ಆಪಲ್" ಅಂತ ಹೇಳಿಕೊಡುವ ರೂಢಿ ಇದೆ. ಸುಲಭ ಅನ್ನಿಸುತ್ತದೆ, ಆದರೆ ಅದು ಮಗುವನ್ನು ದಾರಿ ತಪ್ಪಿಸುತ್ತದೆ. ಅಕ್ಷರ ನಿಂತಿರುವುದು ವಸ್ತುವಿನ ಬದಲು ಅಲ್ಲ, ಒಂದು ಸಂಖ್ಯೆಯ ಬದಲು. ನೀವು ದಿನಾ ಮಾಡುವುದನ್ನೇ ನೋಡಿ. ಎದೆಯ ಅಳತೆಯನ್ನು ನಾಲ್ಕರಿಂದ ಭಾಗಿಸಿ, ಸಡಿಲಿಗೂ ಹೊಲಿಗೆಗೂ ಸೇರಿ ಒಂದೂವರೆ ಇಂಚು ಬಿಡುತ್ತೀರಿ ಅಂತ ಇಟ್ಟುಕೊಳ್ಳೋಣ. 34 ಇಂಚಿನವರಿಗೆ 8½ಕ್ಕೆ 1½ ಸೇರಿ 10 ಇಂಚು. 36ರವರಿಗೆ 10½. 38ರವರಿಗೆ 11. ಗಿರಾಕಿ ಬದಲಾದರೂ ಲೆಕ್ಕದ ದಾರಿ ಒಂದೇ. ಆ ಅಳತೆಗೆ ಎಕ್ಸ್ ಅಂತ ಹೆಸರಿಟ್ಟರೆ, ಎಕ್ಸ್ ÷ 4 + 1½. ಇದೇ ಬೀಜಗಣಿತ. ನೀವು ಹೊಲಿಗೆ ಕಲಿತ ದಿನದಿಂದಲೂ ಇದನ್ನು ಮಾಡುತ್ತಾ ಬಂದಿದ್ದೀರಿ. ಮಗಳು ಪಕ್ಕ ಕೂತು ಒಂದು ಬ್ಲೌಸಿನ ಅಳತೆ ತೆಗೆಯಲಿ, ಈ ಸೂತ್ರ ಅವಳೇ ಬರೆಯಲಿ.

ಅದಕ್ಕೇ ಒಂದು ಮಾತು ಕೇಳಿಕೊಳ್ಳುತ್ತೇನೆ. "ನಮ್ಮ ಮನೆಯಲ್ಲಿ ಯಾರಿಗೂ ಗಣಿತ ಬರೋದಿಲ್ಲ" ಅಂತ ಮಗಳ ಮುಂದೆ ಹೇಳಬೇಡಿ. ಸಮಾಧಾನಕ್ಕೆ ಅಂತ ಹೇಳಿದರೂ ಅವಳು ಅದನ್ನು ತೀರ್ಪಿನ ಹಾಗೆ ಕೇಳಿಸಿಕೊಳ್ಳುತ್ತಾಳೆ. ಹೆಣ್ಣುಮಕ್ಕಳಿಗೆ ಈ ಮಾತು ಮನೆಯಲ್ಲಿ, ಓಣಿಯಲ್ಲಿ ಸುಮ್ನೆ ಸುಮ್ನೆ ಬೀಳುತ್ತಲೇ ಇರುತ್ತದೆ. ನನಗೆ ಇದರಿಂದ ತುಂಬಾ ನೋವಾಗುತ್ತದೆ. ಒಳ್ಳೆಯ ತಲೆ ಇದ್ದ ಎಷ್ಟೋ ಹುಡುಗಿಯರು ಹತ್ತನೇದಾದ ಮೇಲೆ ಗಣಿತ ಬಿಟ್ಟದ್ದು ಲೆಕ್ಕ ಬರದೆ ಅಲ್ಲ, ಬರೋದಿಲ್ಲ ಅಂತ ನಂಬಿ.

ಮಾಧ್ಯಮ ಬದಲಾದದ್ದೂ ಸಣ್ಣ ವಿಷಯ ಅಲ್ಲ. ಐದನೇ ತರಗತಿಯವರೆಗೆ ಅಂಶ, ಛೇದ ಅಂದವಳಿಗೆ ಈಗ ನ್ಯೂಮರೇಟರ್, ಡಿನಾಮಿನೇಟರ್. ಅಪವರ್ತನ ಫ್ಯಾಕ್ಟರ್ ಆಯಿತು, ಸುತ್ತಳತೆ ಪೆರಿಮೀಟರ್ ಆಯಿತು, ವಿಸ್ತೀರ್ಣ ಏರಿಯಾ ಆಯಿತು. ಪದ ಗೊತ್ತಾಗದೆ ನಿಂತ ಮಗುವನ್ನು ಲೆಕ್ಕ ಗೊತ್ತಿಲ್ಲದ ಮಗು ಅಂತ ನಾವು ತಿಳಿಯುತ್ತೇವೆ. ಇದನ್ನು ಪರೀಕ್ಷೆ ಮಾಡೋದು ಸುಲಭ. ತಪ್ಪಾದ ಒಂದು ಹೇಳಿಕೆ ಲೆಕ್ಕ ಆರಿಸಿ. ಅದನ್ನು ಯಾರಾದರೂ ಮನೆಮಾತಿನಲ್ಲಿ ಹೇಳಲಿ. ಕನ್ನಡದಲ್ಲಿ ಕೇಳಿದ ತಕ್ಷಣ ಮಾಡಿಬಿಟ್ಟರೆ ಅವಳಿಗೆ ಬೇಕಾದ್ದು ಇಂಗ್ಲಿಷ್ ಓದಿನ ಸಹಾಯ. ಕನ್ನಡದಲ್ಲೂ ಆಗದಿದ್ದರೆ ಪರಿಕಲ್ಪನೆಯೇ ಗಟ್ಟಿ ಆಗಬೇಕು. ರಾಜ್ಯ ಪಠ್ಯಕ್ರಮದ ಶಾಲೆಯಾದರೆ ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಗಣಿತ ಪುಸ್ತಕ ಎರಡೂ ಮಾಧ್ಯಮದಲ್ಲಿ ಉಚಿತವಾಗಿ ಸಿಗುತ್ತದೆ. ಕನ್ನಡದ್ದನ್ನು ಮೊಬೈಲಿಗೆ ಇಳಿಸಿಕೊಂಡು ಪಕ್ಕದಲ್ಲಿಟ್ಟುಕೊಳ್ಳಲಿ. ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದ ಮೇಲೆ ಮನೆಯಲ್ಲಿ ಕನ್ನಡದಲ್ಲಿ ಗಣಿತ ಮಾತಾಡಬಾರದು ಅಂತ ಕೆಲವರು ತಿಳಿದಿದ್ದಾರೆ. ಅದು ತಪ್ಪು. ಅರ್ಥ ಆಗುವ ಭಾಷೆಯಲ್ಲಿ ಅರ್ಥ ಮಾಡಿಕೊಂಡು, ಬರೆಯಬೇಕಾದ ಭಾಷೆಯಲ್ಲಿ ಬರೆಯಲಿ.

ಅನುಪಾತ, ಶೇಕಡಾ ಪಾಠಗಳಿಗೆ ಮನೆಯೇ ಒಳ್ಳೆಯ ಶಾಲೆ. ಎರಡು ಲೋಟ ಅಕ್ಕಿಗೆ ಮೂರು ಲೋಟ ನೀರಾದರೆ ನಾಲ್ಕು ಲೋಟ ಅಕ್ಕಿಗೆ ಎಷ್ಟು? "ಎರಡು ಜಾಸ್ತಿ ಆಯ್ತು, ಅದಕ್ಕೆ ನೀರೂ ಎರಡು ಜಾಸ್ತಿ, ಐದು" ಅಂದರೆ ಅವಳಿನ್ನೂ ಕೂಡಿಸಿ ಯೋಚಿಸುತ್ತಿದ್ದಾಳೆ. ಅನುಪಾತದಲ್ಲಿ ಎಷ್ಟು ಪಟ್ಟು ಅಂತ ಯೋಚಿಸಬೇಕು. ಎರಡು ಪಟ್ಟು ಅಕ್ಕಿಗೆ ಎರಡು ಪಟ್ಟು ನೀರು, ಆರು ಲೋಟ. ಕೈಸಾಲದಲ್ಲಿ "ತಿಂಗಳಿಗೆ ನೂರಕ್ಕೆ ಎರಡು" ಅಂತಾರಲ್ಲ, ಅದು ವರ್ಷಕ್ಕೆ ಶೇಕಡಾ 24. ಅಂಗಡಿಯಲ್ಲಿ ಶೇ. 20 ರಿಯಾಯಿತಿ, ಅದರ ಮೇಲೆ ಮತ್ತೆ ಶೇ. 10 ಅಂದರೆ ಒಟ್ಟು ಶೇ. 30 ಅಲ್ಲ. ಸಾವಿರದ ಸೀರೆ 800 ಆಗಿ, ಆಮೇಲೆ 720 ಆಗುತ್ತದೆ. ಅಂದರೆ ಶೇ. 28. ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಒಯ್ಯುವ ಮನೆಯವರು ಕ್ವಿಂಟಲ್ ದರದಿಂದ ಕಿಲೋ ದರ ಮಕ್ಕಳ ಹತ್ತಿರವೇ ಮಾಡಿಸಬಹುದು. ಹುಬ್ಬಳ್ಳಿಗೆ ರೈಲಿನಲ್ಲಿ ಹೋದಾಗ ಅಲ್ಲಿನ ಉದ್ದದ ಪ್ಲಾಟ್‌ಫಾರ್ಮ್ ತೋರಿಸಿ. ಅದರ ಉದ್ದ 1,507 ಮೀಟರ್. ಗಂಟೆಗೆ 5 ಕಿ.ಮೀ. ನಡೆದರೆ ಈ ತುದಿಯಿಂದ ಆ ತುದಿಗೆ ಎಷ್ಟು ಹೊತ್ತು ಬೇಕು ಅಂತ ಕೇಳಿ. ಸುಮಾರು 18 ನಿಮಿಷ ಅಂತ ಅವಳೇ ಕಂಡುಹಿಡಿಯಲಿ. ಬೇಕಿದ್ದರೆ ನಡೆದು ನೋಡಿ.

ಮಗ್ಗಿ ಬೇಕು. 7 × 8 ಎಷ್ಟು ಅಂತ ತಡಕಾಡುತ್ತಾ ಕೂತರೆ ಭಿನ್ನರಾಶಿಯ ಕಡೆ ಗಮನ ಉಳಿಯುವುದಿಲ್ಲ. ಆದರೆ 10ರವರೆಗೆ ಗಟ್ಟಿ ಇರಲಿ, 20ರವರೆಗೆ ಬಂದರೆ ಒಳ್ಳೆಯದು. 30ರವರೆಗೆ ಬಾಯಿಪಾಠ ಮಾಡಿಸೋಕೆ ಆ ವಯಸ್ಸಿನ ಮಗುವಿನ ಸಂಜೆಗಳನ್ನು ಹಾಳುಮಾಡಬೇಡಿ. 7 × 8 = 56 ಗೊತ್ತಿದ್ದರೆ 14 × 8 ಅದರ ಎರಡರಷ್ಟು, 112. 56 ÷ 7 ಕೂಡ ಅಲ್ಲೇ ಇದೆ. ಹೀಗೆ ಒಂದರಿಂದ ಇನ್ನೊಂದನ್ನು ತೆಗೆಯೋಕೆ ಬಂದರೆ ಅದು ಬಾಯಿಪಾಠಕ್ಕಿಂತ ಜಾಸ್ತಿ ದಿನ ಉಳಿಯುತ್ತದೆ. ಗಡಿಯಾರ ಇಟ್ಟು ಮಗ್ಗಿ ಕೇಳಬೇಡಿ, ಹೆದರಿಕೆ ಬೆಳೆಯುತ್ತದೆ.

ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ಒಂದೇ ಒಂದು ಲೆಕ್ಕ. ಅವಳು ಟೀಚರ್, ನೀವು ವಿದ್ಯಾರ್ಥಿ. ಪೆನ್ ಹಿಡಿಯುವ ಮೊದಲು "ಉತ್ತರ ಸುಮಾರು ಎಷ್ಟು ಬರಬಹುದು?" ಅಂತ ಕೇಳಿ. ಮಾಡುವಾಗ "ಇದು ಯಾಕೆ ಹೀಗೆ?" ಅಂತ ಕೇಳಿ. ಮುಗಿದ ಮೇಲೆ "ಬೇರೆ ದಾರಿಯಲ್ಲಿ ಮಾಡೋಕಾಗುತ್ತಾ?" ಅಂತ ಕೇಳಿ. ಉತ್ತರ ಸರಿ ಬಂದಾಗಲೂ ಕೇಳಿ, ಇಲ್ಲದಿದ್ದರೆ ಪ್ರಶ್ನೆ ಬಂತು ಅಂದರೆ ತಪ್ಪು ಅಂತಲೇ ತಿಳಿಯುತ್ತಾಳೆ. ತಪ್ಪಾದದ್ದನ್ನು ರಬ್ಬರಿನಿಂದ ಅಳಿಸೋದು ಬೇಡ. ಒಂದು ಗೆರೆ ಎಳೆದು ಕೆಳಗೆ ಮತ್ತೆ ಮಾಡಲಿ. ಅಳಿಸಿದರೆ ತಪ್ಪು ಎಲ್ಲಿ ಆಯ್ತು ಅಂತ ನಿಮಗೂ ಸಿಗುವುದಿಲ್ಲ, ಟೀಚರಿಗೂ ಸಿಗುವುದಿಲ್ಲ.

ಶಾಲೆಗೆ ಹೋದಾಗ "ನಮ್ಮ ಹುಡುಗಿ ಹೇಗೆ ಓದ್ತಾಳ್ರಿ?" ಅಂತ ಕೇಳಿದರೆ "ಇನ್ನೂ ಸ್ವಲ್ಪ ಗಮನ ಕೊಡಬೇಕು" ಅನ್ನುವ ಉತ್ತರವೇ ಬರುತ್ತದೆ. ಒಂದು ತರಗತಿಯಲ್ಲಿ ಅಷ್ಟು ಮಕ್ಕಳಿರುವಾಗ ಅವರೂ ಏನು ಮಾಡಿಯಾರು? ಪರೀಕ್ಷೆಯ ಉತ್ತರ ಪತ್ರಿಕೆ ಕೈಯಲ್ಲಿ ಹಿಡಿದು ಹೋಗಿ. "ಇವಳು ಯಾವ ತರದ ತಪ್ಪು ಮತ್ತೆ ಮತ್ತೆ ಮಾಡ್ತಾಳೆ? ಅದು ಯಾವ ತರಗತಿಯ ಪಾಠದ್ದು?" ಅಂತ ಕೇಳಿ. ಇಷ್ಟು ನಿಖರವಾಗಿ ಕೇಳಿದರೆ ಒಳ್ಳೆಯ ಶಿಕ್ಷಕರು ಖುಷಿಯಿಂದ ಕೂತು ಹೇಳುತ್ತಾರೆ.

ಕಪ್ಪು ಹಲಗೆ ಸರಿಯಾಗಿ ಕಾಣುತ್ತಾ ಅಂತಲೂ ಮಗಳನ್ನು ಕೇಳಿ, ಕಣ್ಣು ತೋರಿಸಿ. ಅಂಕ ಇಳಿಯೋಕೆ ಎಷ್ಟೋ ಸಲ ಕಾರಣ ಕನ್ನಡಕ ಇಲ್ಲದ್ದು. ಇನ್ನು ಕೆಲವು ಮಕ್ಕಳಿಗೆ ಚಿಕ್ಕಂದಿನಿಂದಲೂ ಸಂಖ್ಯೆಯೇ ಹಿಡಿತಕ್ಕೆ ಸಿಗುವುದಿಲ್ಲ. 40 ದೊಡ್ಡದೋ 14 ದೊಡ್ಡದೋ ಅಂತಲೂ ಗೊಂದಲ, ಗಡಿಯಾರ, ಚಿಲ್ಲರೆ ಎಲ್ಲವೂ ಕಷ್ಟ. ಅಂಥವರಿಗೆ ಬೈಯದೆ ತಜ್ಞರ ಹತ್ತಿರ ಕರೆದುಕೊಂಡು ಹೋಗಬೇಕು. ಧಾರವಾಡದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ ವಿಚಾರಿಸಬಹುದು. ನೀವು ಬರೆದದ್ದು ನೋಡಿದರೆ ನಿಮ್ಮ ಮಗಳದ್ದು ಇದಲ್ಲ ಅಂತ ನನಗೆ ಅನ್ನಿಸುತ್ತದೆ.

ಮುಂದಿನ ವರ್ಷ ಎಂಟನೇ ತರಗತಿಯಲ್ಲಿ ಎನ್‌ಎಂಎಂಎಸ್ ಅನ್ನುವ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನದ ಪರೀಕ್ಷೆ ಇರುತ್ತದೆ. ಸರ್ಕಾರಿ ಅಥವಾ ಅನುದಾನಿತ ಶಾಲೆಯ ಮಕ್ಕಳಿಗೆ, ಮನೆಯ ವರ್ಷದ ಆದಾಯ ಮೂರೂವರೆ ಲಕ್ಷ ದಾಟದಿದ್ದರೆ ಬರೆಯಬಹುದು. ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ ಸಿಗುತ್ತದೆ. ನಿಮ್ಮ ಶಾಲೆ ಅದಕ್ಕೆ ಸೇರುತ್ತಾ ಅಂತ ಮುಖ್ಯೋಪಾಧ್ಯಾಯರನ್ನು ಈಗಲೇ ಕೇಳಿ. ಅದರಲ್ಲಿ ಏಳು, ಎಂಟರ ಗಣಿತವೂ ಇದೆ, ಸಂಖ್ಯೆಗಳ ಸರಣಿಯಂಥ ಬುದ್ಧಿಶಕ್ತಿಯ ಪ್ರಶ್ನೆಗಳೂ ಇವೆ. ಈಗ ಗಟ್ಟಿ ಮಾಡಿಕೊಂಡದ್ದು ಅಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತದೆ.

ಕೊನೆಗೆ ಟ್ಯೂಷನ್. ನನ್ನ ಅಭಿಪ್ರಾಯ, ಈಗಲೇ ಬೇಡ. ಮೇಲಿನ ಪ್ರಶ್ನೆಗಳನ್ನು ದಿನಕ್ಕೊಂದರ ಹಾಗೆ ಕೊಟ್ಟು, ಎಲ್ಲಿ ನಿಲ್ಲುತ್ತಾಳೆ ಅಂತ ಒಂದು ಹಾಳೆಯಲ್ಲಿ ಬರೆದಿಡಿ. ಒಂದೆರಡು ತಿಂಗಳು ಮನೆಯಲ್ಲೇ ಪ್ರಯತ್ನ ಮಾಡಿ. ಅಂಕ ತಕ್ಷಣ ಏರದಿರಬಹುದು. ಮೊದಲು ಬದಲಾಗುವುದು ಅವಳು ಲೆಕ್ಕದ ಬಗ್ಗೆ ಮಾತಾಡುವ ರೀತಿ. ಆಮೇಲೂ ಟ್ಯೂಷನ್ ಬೇಕು ಅನ್ನಿಸಿದರೆ ಆ ಹಾಳೆ ತೆಗೆದುಕೊಂಡು ಹೋಗಿ. ಇವತ್ತಿನ ಹೋಂವರ್ಕ್ ಮಾಡಿಸಿ ಕಳಿಸುವ ಕಡೆ ಹಾಕಬೇಡಿ. ಅಲ್ಲಿ ನೋಟ್‌ಬುಕ್ ತುಂಬುತ್ತದೆ, ಸಿಕ್ಕಿಕೊಂಡದ್ದು ಹಾಗೇ ಉಳಿಯುತ್ತದೆ. "ಇವಳಿಗೆ ಐದನೇ ತರಗತಿಯ ಭಿನ್ನರಾಶಿಯಿಂದ ಮತ್ತೆ ಹೇಳಿಕೊಡ್ತೀರಾ? ಒಂದು ಬ್ಯಾಚಿಗೆ ಎಷ್ಟು ಮಕ್ಕಳು?" ಅಂತ ದುಡ್ಡು ಕಟ್ಟುವ ಮೊದಲೇ ಕೇಳಿ. "ಅದೆಲ್ಲಾ ಬೇಡ, ನಾವು ಸಿಲೆಬಸ್ ಬೇಗ ಮುಗಿಸ್ತೀವಿ" ಅಂದರೆ ಬೇರೆ ಕಡೆ ನೋಡಿ.